ಉಳಿದ ಅಂಕಿಗಳು

ನಮ್ಮೂರಿನ ನದಿ ಬೆಳಗಾಗುವಷ್ಟರಲ್ಲಿ ತನ್ನ ಅಗಲ ಬದಲಿಸಿಕೊಂಡಿರುತ್ತಿತ್ತು. ಮಳೆಗೂ ಅದಕ್ಕೂ ಸಂಬಂಧವಿರಲಿಲ್ಲ. ನೀರು ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಎರಡು ದಡಗಳೇ ತಮ್ಮ ಮೇಲಿನ ಮನೆ, ಅಂಗಡಿ, ಬೇವಿನ ಮರಗಳ ಸಮೇತ ಒಮ್ಮೆ ದೂರ ಸರಿದು, ಒಮ್ಮೆ ಹತ್ತಿರ ಬಂದು ಕೂತಿರುತ್ತಿದ್ದವು. ನಿನ್ನೆ ಆಚೆದಡದ ಪತ್ತಾರರ ಅಂಗಡಿಯ ಬೋರ್ಡು ಓದಲು ಬರುತ್ತಿತ್ತು, ಇವತ್ತು ಅಂಗಡಿಯೇ ಕಾಣುವುದಿಲ್ಲ. ಇದಕ್ಕೆಲ್ಲ ನಾವು ಒಗ್ಗಿಕೊಂಡಿದ್ದೆವು. ಲಗ್ನಪತ್ರಿಕೆಗಳಲ್ಲಿ ಮುಹೂರ್ತದ ಜಾಗದಲ್ಲಿ 'ಸೇತುವೆ ಕೂಡಿದ ಮೇಲೆ' ಎಂದು ಅಚ್ಚು ಹಾಕಿಸುತ್ತಿದ್ದೆವು. ಆಚೆ ಶಾಲೆಗೆ ಹೋಗುವ ಮಕ್ಕಳು ಮೊದಲ ಪಾಠಗಳನ್ನು ಈಚೆಯ ಮೆಟ್ಟಿಲ ಮೇಲೆ ಕೂತು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಆಚೆ ಹೆಣ್ಣು ಕೊಟ್ಟವರು ಮಗಳಿಗೆ ಬಿಸಿಬಿಸಿ ತಿಂಡಿ ಮುಟ್ಟಿಸುವ ಆಸೆ ಬಿಟ್ಟು, ಆರಿದಷ್ಟೂ ರುಚಿಯಾಗುವ ಶೇಂಗಾ ಹೋಳಿಗೆ, ಕರದಂಟುಗಳಲ್ಲಿ ಕೈ ಪಳಗಿಸಿಕೊಂಡಿದ್ದರು.

ಸೇತುವೆ ಎರಡು ತುಂಡಿನದು. ಅರ್ಧ ನಮ್ಮ ದಡದಿಂದ, ಅರ್ಧ ಆಚೆಯಿಂದ, ಹಲಗೆಯ ಹಿಂದೆ ಹಲಗೆ ಚಾಚಿಕೊಂಡು ಬಂದು ನಡುವೆ ಕೂಡಬೇಕು. ಎರಡೂ ದಡಗಳಲ್ಲಿ ಒಂದೊಂದು ಯಂತ್ರವಿತ್ತು. ಅಳೆಯುವುದು ನಮ್ಮ ಕಡೆಯ ಯಂತ್ರದ ಕೆಲಸ. ಅದು ದಡದಿಂದ ನಡುಬಂಡೆಯವರೆಗೆ ಒಂದು ಅಳತೆ, ನಡುಬಂಡೆಯಿಂದ ಆಚೆದಡದವರೆಗೆ ಇನ್ನೊಂದು ಅಳತೆ ತೆಗೆದು, ಎರಡನ್ನೂ ಕೂಡಿಸಿ ಹೊಟ್ಟೆಯಲ್ಲಿಟ್ಟುಕೊಂಡು, ಆ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆಯುತ್ತಿತ್ತು. ಅದನ್ನು ನೋಡಿ ನಮ್ಮವರು ಕೂಗಬೇಕು. ಆಚೆಯವರು ಕೇಳಿ ತಮ್ಮ ಯಂತ್ರಕ್ಕೆ ಒತ್ತಬೇಕು. ಎರಡೂ ಯಂತ್ರಗಳ ಹೊಟ್ಟೆಯಲ್ಲಿ ಒಂದೇ ಸಂಖ್ಯೆ ಇದ್ದರೆ ನಡುವಿನ ಕೊಂಡಿ ಬಿದ್ದು ಗೇಟುಗಳು ತೆರೆಯುತ್ತಿದ್ದವು. ಒಂದು ಕಣ ಹೆಚ್ಚುಕಡಿಮೆಯಾದರೂ ಕೊಂಡಿ ಬೀಳುತ್ತಿರಲಿಲ್ಲ. ತಂತಿ ಎಳೆದು ನೋಡಿದ್ದರು, ತುಂಡಾಗಿತ್ತು. ಫೋನು ನೀರಿನ ಹತ್ತಿರ ಹೋದೊಡನೆ ಮೂಕಾಗುತ್ತಿತ್ತು. ಈ ದಡದಿಂದ ಆ ದಡಕ್ಕೆ ದಾಟುತ್ತಿದ್ದುದು ಮನುಷ್ಯರ ದನಿ ಒಂದೇ. ಆದ್ದರಿಂದ ನದಿಯನ್ನು ಅಳೆಯುತ್ತಿದ್ದುದೂ ಕೂಗಳತೆಯಲ್ಲಿಯೇ. ಎಷ್ಟೇ ಹಿಗ್ಗಿದರೂ ಅದು ಒಂದು ಕೂಗಳತೆಯನ್ನು ಮೀರುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ನಮ್ಮ ನದಿ ಮರ್ಯಾದಸ್ಥ.

ಕೂಗುವವಳು ನನ್ನ ತಾಯಿಯ ತಂಗಿ ಫಕೀರವ್ವ. ನನಗೆ ಚಿಗವ್ವ. ಗಂಡ ತೀರಿಕೊಂಡಾಗ ಅವಳಿನ್ನೂ ಎಳೆಯ ಹುಡುಗಿ. ಆ ದಿನ ಅವಳು ಅತ್ತ ದನಿ ಆಚೆದಡದ ಹಿತ್ತಿಲುಗಳವರೆಗೂ ಕೇಳಿಸಿತಂತೆ. ತಿಂಗಳು ಕಳೆದ ಮೇಲೆ ಸೇತುವೆ ನೋಡಿಕೊಳ್ಳುವ ನಿಂಗನಗೌಡರು ಮನೆಗೆ ಬಂದು, ಹೊಸ್ತಿಲ ಹೊರಗೇ ನಿಂತು, "ಇಂಥಾ ದನಿ ದುಃಖಕ್ಕಷ್ಟ ಬಳಸಬ್ಯಾಡವ್ವಾ, ಊರಿಗೆ ಕೊಡು" ಎಂದು ಕೇಳಿಕೊಂಡರು. ಅಂದಿನಿಂದ ಅವಳು ದಡದ ಕೂಗುಗಲ್ಲಿನ ಮೇಲೆ ನಿಂತವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಕಿವಿಗೆ ಇಟ್ಟು "ಸೊನ್ನೀ… ಚುಕ್ಕೀ…" ಎಂದು ಎತ್ತಿದಳೆಂದರೆ ನೀರು ಕುಡಿಯುತ್ತಿದ್ದ ಕೊಕ್ಕರೆಗಳೂ ಕತ್ತೆತ್ತಿ ನೋಡುತ್ತಿದ್ದವು.

ಆಚೆ ಕಡೆ ಕೇಳುವವನು ಅಡಿವೆಪ್ಪ. ಅವನೂ ಹೆಂಡತಿಯನ್ನು ಕಳೆದುಕೊಂಡವನು ಎಂಬುದಷ್ಟೇ ನಮಗೆ ಗೊತ್ತು. ಚಿಗವ್ವ ಒಂದು ಅಂಕಿ ಕೂಗಬೇಕು, ಅವನು ತನ್ನ ಗಡಸು ದನಿಯಲ್ಲಿ ಅದನ್ನೇ ತಿರುಗಿ ಕೂಗಿ ಒತ್ತಬೇಕು. ತಪ್ಪಾದರೆ ಮೊದಲಿನಿಂದ. ಬೋರ್ಡಿನ ಸಂಖ್ಯೆಗೋ ಕೊನೆಯೇ ಇರುತ್ತಿರಲಿಲ್ಲ. ಚುಕ್ಕಿಯ ಆಚೆ ಐವತ್ತು ಅಂಕಿಗಳಾದರೂ ನಿಲ್ಲುತ್ತಿರಲಿಲ್ಲ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕೊಂಡಿ ಬೀಳುತ್ತಿತ್ತು. ಅಪರೂಪಕ್ಕೆ ನದಿ ಸರಿಯಾಗಿ ಅರ್ಧವೋ ಮುಕ್ಕಾಲೋ ಕೂಗಳತೆಗೆ ಬಂದು ನಿಂತರೆ ಎರಡು ಮೂರು ಅಂಕಿಗೇ ಮುಗಿದುಹೋಗಿ, ಮೆಟ್ಟಿಲ ಮೇಲಿದ್ದವರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕುತ್ತಿದ್ದರು.

ಇಷ್ಟು ವರ್ಷ ದಿನವೂ ಕೂಗಿ ಕೇಳಿದ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿರಲಿಲ್ಲ. ಸೇತುವೆ ಕೂಡಿದ ಮೇಲೂ ನಡುಹಗಲಲ್ಲಿ ನದಿ ಮಿಸುಕುವುದಿತ್ತು. ಮಿಸುಕಿದರೆ ಮತ್ತೆ ಕೂಗಬೇಕು. ಹಾಗಾಗಿ ಸಂಜೆ ಸೇತುವೆ ಮಡಚುವವರೆಗೆ ಇಬ್ಬರೂ ತಮ್ಮ ತಮ್ಮ ಜಾಗ ಬಿಡುವಂತಿರಲಿಲ್ಲ. ಚಿಗವ್ವನಿಗೆ ಕಾಣುತ್ತಿದ್ದುದು ಒಂದು ಕೆಂಪು ರುಮಾಲು. ಆ ರುಮಾಲಿನ ಬಗ್ಗೆ ಅವಳು ಎಂದೂ ಮಾತಾಡುತ್ತಿರಲಿಲ್ಲ. ಆದರೆ ಒಮ್ಮೆ ಅವನಿಗೆ ಜ್ವರ ಬಂದು ಬೇರೊಬ್ಬ ಕೇಳಲು ನಿಂತ ದಿನ, ಮನೆಗೆ ಬಂದವಳೇ ಪಾತ್ರೆಗಳನ್ನು ಧಡಧಡ ಇಟ್ಟು, "ಮೂರು ಅಂದ್ರ ಆರು ಅಂತಾನವಾ! ಕಿವಿ ಅದಾವೋ ಕುಡಿಕಿ ಅದಾವೋ!" ಎಂದು ರಾತ್ರಿಯ ಊಟ ಮುಗಿಯುವವರೆಗೂ ಬೈದಿದ್ದಳು.

ನಾನು ಸೇತುವೆ ಕಚೇರಿಯಲ್ಲಿ ಪ್ರೋಗ್ರಾಮ್ ಬರೆಯುವವಳು. ಯಂತ್ರದ ಹೊಟ್ಟೆಯಲ್ಲಿರುವ ಸಂಖ್ಯೆಯನ್ನು ಓದುವ ಅಕ್ಷರಗಳಾಗಿ ಮಾಡಿ ಬೋರ್ಡಿಗೆ ಕಳಿಸುವುದು ನನ್ನ ಪಾಲಿಗೆ ಬಂದ ಹಳೆಯ ಪ್ರೋಗ್ರಾಮ್. ಯಾರೋ ಬರೆದಿದ್ದರು, ನಡೆಯುತ್ತಿತ್ತು, ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ, ಸಂಖ್ಯೆಯ ನಡುವೆ ಎಲ್ಲೋ, 'ಎಂಟು' ಎನ್ನಲು ಬಾಯಿ ತೆರೆದ ಚಿಗವ್ವನಿಂದ ದನಿಯೇ ಹೊರಡಲಿಲ್ಲ. ಕೆಮ್ಮಿದಳು, ನೀರು ಕುಡಿದಳು, ಮತ್ತೆ ಬಾಯಿ ತೆರೆದಳು. ಏನೂ ಇಲ್ಲ. ಮೆಟ್ಟಿಲ ಮೇಲಿನ ಗದ್ದಲ ನಿಂತಿತು. ಆಗ ನದಿಯ ಆಚೆಯಿಂದ ಆ ಗಡಸು ದನಿ ಬಂತು:

"ಯಾಕ್ರೀ, ನಿಂತ್ರಿ? ಆರಾಮ ಇದ್ದೀರಿಲ್ಲೋ?"

ನಮ್ಮ ನದಿಯ ಮೇಲೆ ಅಂಕಿಗಳಲ್ಲದ ಮಾತು ದಾಟಿದ್ದು ಅದೇ ಮೊದಲು. ಚಿಗವ್ವ ಕೂಗುಗಲ್ಲಿನ ಮೇಲೆ ಹಾಗೇ ಕೂತುಬಿಟ್ಟಳು. ಅವಳ ಕಿವಿಯ ತುದಿಗಳು ಕೆಂಪಾಗಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಬಹಳ ಹೊತ್ತಿನ ಮೇಲೆ ದನಿ ಅರೆಬರೆ ಮರಳಿತು. ಆ ದಿನ ಕೊಂಡಿ ಬಿದ್ದಾಗ ಬಿಸಿಲು ವಾಲಿತ್ತು.

ಡಾಕ್ಟರು ಗಂಟಲೊಳಗೆ ದೀಪ ಬಿಟ್ಟು ನೋಡಿ, ಕೂಗುವುದು ನಿಲ್ಲದಿದ್ದರೆ ದನಿ ಪೂರ್ತಿ ಹೋಗುತ್ತದೆ ಎಂದರು. ನಮ್ಮ ದಡದಲ್ಲಿ ಬೇರೆ ಯಾರ ಒಂಟಿ ದನಿಯೂ ಆಚೆ ಮುಟ್ಟುತ್ತಿರಲಿಲ್ಲ. ಹಿಂದೊಮ್ಮೆ ಹತ್ತಾರು ಜನ ಒಟ್ಟಿಗೆ ಕೂಗಿ ನೋಡಿದ್ದರು; ಮೂರನೆಯ ಅಂಕಿಗೇ ಒಬ್ಬರು ಮುಂದೆ, ಒಬ್ಬರು ಹಿಂದೆ ಆಗಿ ಆಚೆಯವರಿಗೆ ಕೇಳಿಸಿದ್ದು ಸಂತೆಯ ಗುಲ್ಲು. ಚಿಗವ್ವನ ದನಿ ಹೋದರೆ ಸೇತುವೆಯೂ ಹೋದ ಹಾಗೆ. ಆಚೆ ಮಕ್ಕಳ ಶಾಲೆ, ಈಚೆ ಹೆರಿಗೆ ಆಸ್ಪತ್ರೆ. ಅರ್ಧ ಊರಿನ ತವರು ಅಲ್ಲಿ, ಇನ್ನರ್ಧ ಊರಿನ ತವರು ಇಲ್ಲಿ.

"ಕಸ್ತೂರವ್ವಾ," ಎಂದು ಗೌಡರು ನನ್ನ ಮೇಜಿನ ಮುಂದೆ ಕೂತರು, "ಆ ಸಂಖ್ಯಾನ ಒಂದಿಷ್ಟು ಗಿಡ್ಡ ಮಾಡಾಕ ಬರತೈತೇನು?"

ಆ ಸಂಜೆ ಮನೆಯಲ್ಲಿ ರೊಟ್ಟಿ ತಿನ್ನುತ್ತಾ ನಾನು ಚಿಗವ್ವನಿಗೆ ವಿಷಯ ಹೇಳಿದೆ. ಅವಳಿಗೆ ಇಷ್ಟವಾಗಲಿಲ್ಲ. ಪಿಸುದನಿಯಲ್ಲೇ ಜಗಳಕ್ಕೆ ಬಂದಳು. "ಇದ್ದದ್ದನ್ನ ಇದ್ದಂಗ ಕೂಗಬೇಕು. ಯಂತ್ರ ಅಷ್ಟುದ್ದ ಬರದೈತಿ ಅಂದ್ರ ಏನೋ ಕಾರಣ ಇರತೈತಿ."

"ಕಾರಣ ಐತಿ. ಈ ರೊಟ್ಟೀನ ಹತ್ತು ಮಂದಿಗೆ ಸರೀ ಪಾಲು ಮಾಡು ನೋಡೂಣು. ಆದ್ರ ಹರದಾಗೆಲ್ಲ ಸರೀ ಅರ್ಧಕ್ಕಽ ಹರೀಬೇಕು. ಯಂತ್ರಕ್ಕ ಬರೂದು ಅದೊಂದ ವಿದ್ಯಾ."

ಚಿಗವ್ವ ರೊಟ್ಟಿಯನ್ನು ಅರ್ಧ ಮಾಡಿದಳು, ಅರ್ಧವನ್ನು ಕಾಲು ಮಾಡಿದಳು, ಕಾಲನ್ನು ಅರೆಕಾಲು. "ಇದು ಒಬ್ಬರ ಪಾಲಿಗೆ ಹೆಚ್ಚಾತು." ಅದನ್ನೂ ಅರ್ಧಕ್ಕೆ ಮುರಿದು ವೀಸ ಮಾಡಿದಳು. "ಇದು ಕಡಿಮಿ ಆತು." ವೀಸಕ್ಕೆ ಅರೆವೀಸ ಸೇರಿಸಿದಳು, ಅದರ ಮುಂದೆ ಒಂದು ಚೂರು, ಚೂರಿನ ಮುಂದೆ ಒಂದು ಪುಡಿ. ತಟ್ಟೆಯಲ್ಲಿ ಬರೀ ಪುಡಿಯೇ ಕಂಡಾಗ ನಕ್ಕು, ಎಲ್ಲವನ್ನೂ ಒಟ್ಟುಮಾಡಿ ಚಟ್ನಿಗೆ ಅದ್ದಿ ಬಾಯಿಗೆ ಹಾಕಿಕೊಂಡಳು. "ಇದು ಮುಗಿಯೂ ಕೆಲಸಲ್ಲ ಬಿಡವ್ವಾ."

"ಹೌದಲ್ಲ? ಯಂತ್ರಾನೂ ಎಲ್ಲೋ ಒಂದ ಕಡೆ ಸಾಕಂತ ನಿಲ್ಲತೈತಿ. ಹತ್ತನೇ ಒಂದು ಪಾಲಿನ ಬದಲಿ ಅದರ ಹತ್ತಿರದ್ದೊಂದು ಇಟ್ಟಕೋತೈತಿ. ಆ ಹತ್ತಿರದ್ದನ್ನ ಒಂದ ಪುಡೀನೂ ಬಿಡದಂಗ ನಮ್ಮ ಅಂಕಿಯೊಳಗ ಬರದ್ರ ಅಷ್ಟುದ್ದ ಆಗತೈತಿ."

ಅವಳು ಕೈ ತೊಳೆಯುತ್ತಾ, "ಗಿಡ್ಡ ಆದ್ರ ಲಗೂನ ಮುಗದು ಹೋಗತೈತಲ್ಲ," ಎಂದಳು. ಲಗೂನ ಮುಗಿಯುವುದು ಬೇಡದವರು ಇಡೀ ಊರಿನಲ್ಲಿ ಅವಳೊಬ್ಬಳೇ. ಆ ಮಾತಿನ ಹಿಂದೇನಿದೆಯೆಂದು ನನಗೆ ಆಗ ಹೊಳೆಯಲಿಲ್ಲ.

ನಾನು ಬಾಲ ಕತ್ತರಿಸಿದೆ. ಹದಿನೈದು ಅಂಕಿಗಳನ್ನು ಇಟ್ಟು ಉಳಿದದ್ದನ್ನು ಹತ್ತಿರದ ಅಂಕಿಗೆ ಸರಿಮಾಡು, ಕೊನೆಯ ಸೊನ್ನೆಗಳನ್ನು ಬಿಡು ಎಂದು ಪ್ರೋಗ್ರಾಮ್ ಬದಲಿಸಿದೆ. ಮಾರನೆಯ ದಿನ ಬೋರ್ಡಿನಲ್ಲಿ ಚುಕ್ಕಿಯ ಆಚೆ ಒಂದೇ ಒಂದು ನಾಲ್ಕು ನಿಂತಿತ್ತು. ಚಿಗವ್ವ ಮೆಲ್ಲಗೆ ಕೂಗಿದಳು. ನಿಲ್ಲಿಸಿದಳು. ಆಚೆಯವನು ಕಾದ.

"ಇಷ್ಟೇನ್ರಿ?"

"ಇಷ್ಟ ರೀ."

ಕೊಂಡಿ ಬಿತ್ತು. ಊರು ಕುಣಿಯಿತು. ಮಕ್ಕಳು ಮೊದಲ ಗಂಟೆ ಬಾರಿಸುವ ಮುಂಚೆಯೇ ಶಾಲೆ ಮುಟ್ಟಿ ಮಾಸ್ತರರನ್ನು ಗಾಬರಿಪಡಿಸಿದರು. ಒಬ್ಬಳು ತಾಯಿ ಉಪ್ಪಿಟ್ಟಿನ ಡಬ್ಬಿಯನ್ನು ಎದೆಗವಚಿಕೊಂಡು ಸೇತುವೆಯ ಮೇಲೆ ಓಡುತ್ತಲೇ ಹೋಗಿ ಮಗಳ ಕೈಗೆ ಬಿಸಿ ಇರುವಾಗಲೇ ಕೊಟ್ಟು ಬಂದಳು. ಚಿಗವ್ವ ಕೂಗುಗಲ್ಲಿನ ಮೇಲೆ ಕೂತು ಆಚೆದಡ ನೋಡುತ್ತಿದ್ದಳು. ಆಚೆಯ ಕೆಂಪು ರುಮಾಲೂ ಅಲ್ಲಾಡದೆ ಕೂತಿತ್ತು.

ಕೆಲವು ದಿನ ಹೀಗೇ ಸುಖವಾಗಿ ನಡೆಯಿತು. ಆಮೇಲೆ ಕಮ್ಮಾರ ಓಣಿಯ ಹುಡುಗನ ದಿಬ್ಬಣದ ದಿನ ಬಂತು. ಮದುಮಗ ಕುದುರೆಯ ಮೇಲೆ, ಹಿಂದೆ ಬ್ಯಾಂಡು, ಆಚೆ ದಡದಲ್ಲಿ ಹೆಣ್ಣಿನವರ ಬ್ಯಾಂಡು. ಅಂದು ನಡುಬಂಡೆಗೆ ಹತ್ತನೇ ಒಂದು ಕೂಗಳತೆ, ಅಲ್ಲಿಂದಾಚೆ ಹತ್ತನೇ ಎರಡು. ಬೋರ್ಡಿನ ಮೇಲೆ ಸೊನ್ನೆ, ಚುಕ್ಕಿ, ಮೂರು. ಚಿಗವ್ವ ಕೂಗಿದಳು, ಅಡಿವೆಪ್ಪ ಒತ್ತಿದ. ಸೇತುವೆಯ ಎರಡು ತುಂಡುಗಳು ಚಾಚಿಕೊಂಡು ಬಂದು ಎದುರುಬದುರು ನಿಂತವು. ಕೊಂಡಿ ಟಿಕ್ ಟಿಕ್ ಎಂದು ತಲೆ ಆಡಿಸಿತು. ಬೀಳಲಿಲ್ಲ.

ಮತ್ತೊಮ್ಮೆ ಕೂಗಿದರು, ಮತ್ತೊಮ್ಮೆ ಒತ್ತಿದರು. ಕೊಂಡಿ ಮತ್ತೆ ತಲೆ ಆಡಿಸಿತು. ಏನಾಗಿದೆಯೆಂದು ನನಗೆ ಹೊಳೆಯಿತು. ಹತ್ತನೇ ಒಂದರ ಬದಲು ಹತ್ತಿರದ್ದೊಂದು, ಹತ್ತನೇ ಎರಡರ ಬದಲು ಹತ್ತಿರದ್ದೊಂದು. ಎರಡನ್ನೂ ಕೂಡಿಸಿದಾಗ ಬಂದದ್ದು, ಹತ್ತನೇ ಮೂರಕ್ಕೆ ಯಂತ್ರ ಇಟ್ಟುಕೊಳ್ಳುವುದಕ್ಕಿಂತ ಒಂದೇ ಒಂದು ಕಣ ಮೇಲೆ. ಆ ಕಣ ನಾನು ಕತ್ತರಿಸಿ ಎಸೆದ ಬಾಲದಲ್ಲಿತ್ತು. ಕುದುರೆ ಬಿಸಿಲಿಗೆ ಕಾಲು ಬದಲಿಸುತ್ತಿತ್ತು. ಕಾದು ಬೇಸತ್ತ ಎರಡು ಬ್ಯಾಂಡಿನವರೂ ನದಿಯ ಮೇಲೆ ಒಬ್ಬರಿಗೊಬ್ಬರು ಸವಾಲು ಜವಾಬು ಶುರುಮಾಡಿದರು. ಇವರು ಒಂದು ಪದ ನುಡಿಸಿದರೆ ಅವರು ಅದನ್ನೇ ಇನ್ನಷ್ಟು ಬಿರುಸಾಗಿ ತಿರುಗಿಸುತ್ತಿದ್ದರು. ಮದುಮಗನ ಸೋದರಮಾವ ಮೆಟ್ಟಿಲ ಮೇಲೆಯೇ ಕುಣಿಯತೊಡಗಿದ. ನಗದೆ ನಿಂತವರು ನಾನು, ನಿಂಗನಗೌಡರು, ಮದುಮಗ, ಕುದುರೆ ನಾಲ್ವರೇ.

"ಹಳೇ ಸಂಖ್ಯಾ ಹಾಕು," ಎಂದಳು ಚಿಗವ್ವ.

"ಗಂಟಲು—"

"ಹಾಕು ಅಂದ್ನೆಲ್ಲ. ಹುಡುಗನ ಮಾರಿ ನೋಡು, ಅಳಾಕ ಬಂದೈತಿ."

ಬೋರ್ಡು ತುದಿಯಿಂದ ತುದಿಯವರೆಗೆ ತುಂಬಿತು. ಅವಳು ಒಂದೊಂದೇ ಅಂಕಿ ಕೂಗಿದಳು. ಮೂರು, ಅದರ ಹಿಂದೆ ಸೊನ್ನೆಗಳ ಸಾಲು, ಆಮೇಲೆ ನಾಲ್ಕುಗಳು. ನಡುವೆ ನಡುವೆ ಬಿಸಿನೀರು. ದನಿ ಸೀಳಿತು, ಸವೆಯಿತು, ದಾರದಷ್ಟು ಸಣ್ಣಗಾಯಿತು. ಆಚೆಯವನು ಪ್ರತಿ ಅಂಕಿಯನ್ನೂ ಇಷ್ಟಿಷ್ಟೇ ಮೆದುವಾಗಿ ತಿರುಗಿ ಹೇಳುತ್ತಿದ್ದ. ಕೊನೆಯ ಐದು ಕೂಗಿ ಕೊಂಡಿ ಬಿದ್ದ ಸದ್ದಿಗೆ ದಿಬ್ಬಣ ಹೋ ಎಂದಿತು. ಚಿಗವ್ವ ನನ್ನತ್ತ ತಿರುಗಿ ಏನೋ ಹೇಳಿದಳು. ತುಟಿಗಳಷ್ಟೇ ಆಡಿದವು.

ನಾನು ದಿಬ್ಬಣದ ಹಿಂದೆಯೇ ಸೇತುವೆ ದಾಟಿದೆ. ಮಾರನೆಯ ಬೆಳಿಗ್ಗೆಯೊಳಗೆ ಏನಾದರೂ ಆಗಲೇಬೇಕಿತ್ತು. ನಮ್ಮ ಅಂಕಿಗಳನ್ನು ಓದುವ ಆಚೆದಡದ ಯಂತ್ರವನ್ನು ನಾನು ಅದುವರೆಗೆ ಕಣ್ಣಲ್ಲೂ ನೋಡಿರಲಿಲ್ಲ. ಅಡಿವೆಪ್ಪನವರು ಗೂಡಿನಂಥ ಕೋಣೆಯಲ್ಲಿ ಯಂತ್ರದ ಮುಂದೆ ಕೂತಿದ್ದರು. ಅಗಲ ಭುಜ, ನರೆತ ಮೀಸೆ, ನಾಚಿಕೆಯ ಕಣ್ಣು. ನನ್ನನ್ನು ನೋಡಿದ ಕೂಡಲೇ ಎದ್ದು ನಿಂತರು.

"ನೀವು ಅವರ ಮನಿಯವರೇನವ್ವಾ? ಗಂಟಲು ಹೆಂಗೈತಿ? ಜೇಷ್ಠಮಧು ಕುಟ್ಟಿ ಇಟ್ಟೀನಿ, ಒಯ್ದು ಕೊಡ್ರಿ."

ಗಂಟಲು ಹೋಯಿತೆಂದೆ. ಅವರು ಮೆಲ್ಲಗೆ ಕೂತರು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನೇ ತಿರುವಿದರು. ಆಮೇಲೆ, "ತಂಗೀ, ಒಂದು ಮಾತು ಹೇಳಲೋ ಬ್ಯಾಡೋ," ಎಂದರು. "ಈ ಯಂತ್ರದಾಗ ಒಂದು ಮುಳ್ಳು ಐತಿ ನೋಡ್ರಿ. ನಾನು ಅಂಕಿ ಒತ್ತಿದಂಗೆಲ್ಲ ಸರೀತೈತಿ. ಆದ್ರ ಕೊನೀತನ ಸರಿಯೂದಿಲ್ಲ. ಹದಿನಾರೋ ಹದಿನೇಳೋ ಅಂಕಿ ಆದ್ವು ಅಂದ್ರ ನಿಂತಬಿಡತೈತಿ. ಕೆಲವು ದಿನ ಮೊದಲನೇ ಅಂಕಿಗೇ ನಿಂತದ್ದೂ ಐತಿ. ಮುಂದ ಎಷ್ಟು ಒತ್ತಿದ್ರೂ ಕದಲೂದಿಲ್ಲ."

ನಾನು ಬೆರಗಾಗಿ ನೋಡಿದೆ. "ಅಂದ್ರ ಅದಕ್ಕ ಸಂಖ್ಯಾ ಆಗಲೇ ಸಿಕ್ಕಿರತೈತಿ! ಇಷ್ಟು ವರ್ಷ ಯಾಕ ಹೇಳಲಿಲ್ಲರೀ?"

"ಪೂರಾ ಕೇಳಬೇಕು ಅಂತ ಕಾಯ್ದೆ ಐತಿ."

"ಅಷ್ಟಽ?"

ಅವರು ಕಿಟಕಿಯಾಚೆ ನಮ್ಮ ದಡದ ಕಡೆಗೆ ನೋಡಿದರು. "ಯಂತ್ರಕ್ಕ ಬೇಕಾದದ್ದು ಅಷ್ಟು. ಉಳಿದ ಅಂಕಿ ನಾನು ಕೇಳಾಕ ಇಟ್ಟಕೊಂಡಿದ್ದೆ."

ನನಗೆ ನಗು ಬಂತು, ಕಣ್ಣೂ ತುಂಬಿದವು. ಅದರ ಜೊತೆಗೇ ನಾನು ಎಡವಿದ್ದು ಎಲ್ಲಿ ಎಂಬುದೂ ಕಂಡಿತು. ಎಷ್ಟು ಅಂಕಿ ಸಾಕೆಂದು ನಾನೇ ತೀರ್ಮಾನಿಸಿ ಕತ್ತರಿ ಹಾಕಿದ್ದೆ. ಓದುವವರನ್ನು ಕೇಳಿರಲೇ ಇಲ್ಲ. ಸಾಕೋ ಸಾಲದೋ ಹೇಳಬೇಕಾದದ್ದು ಈ ಕಡೆಯ ಯಂತ್ರ. ಕಚೇರಿಗೆ ಓಡಿ ಬಂದು ಪ್ರೋಗ್ರಾಮನ್ನು ಮತ್ತೆ ಬರೆದೆ. ಮೊದಲು ಒಂದು ಅಂಕಿಗೆ ಬರೆದು ನೋಡು. ಬರೆದದ್ದನ್ನು ಆಚೆಯ ಯಂತ್ರ ಓದುವ ಹಾಗೆಯೇ ಓದು. ಹೊಟ್ಟೆಯಲ್ಲಿದ್ದದ್ದೇ ತಿರುಗಿ ಬಂತೋ, ಅಲ್ಲಿಗೇ ನಿಲ್ಲು. ಬರಲಿಲ್ಲವೋ, ಇನ್ನೊಂದು ಅಂಕಿಯಷ್ಟು ಉದ್ದ ಬರೆ. ಹದಿನೇಳರೊಳಗೆ ಬಂದೇ ಬರುತ್ತದೆ. ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಅಂದಿನ ದಿಬ್ಬಣದ ಸಂಖ್ಯೆಯನ್ನು ಕೊಟ್ಟು ನೋಡಿದೆ: ಮೂರು, ಸೊನ್ನೆಗಳ ಸಾಲು, ಕೊನೆಗೊಂದು ನಾಲ್ಕು. ಅಷ್ಟೇ. ಆ ನಾಲ್ಕರಲ್ಲಿ ನಾನು ಕಳೆದುಕೊಂಡಿದ್ದ ಕಣ ಕೂತಿತ್ತು.

ಮಾರನೆಯ ಬೆಳಿಗ್ಗೆ ನದಿ ಬಹಳ ಹಿಗ್ಗಿತ್ತು. ನಿಂಗನಗೌಡರಿಗೆ ನನ್ನ ಮೇಲೆ ನಂಬಿಕೆ ಹೋಗಿ, ನನ್ನ ಬೋರ್ಡಿನ ಪಕ್ಕದಲ್ಲಿ ಹಳೆಯ ಪ್ರೋಗ್ರಾಮಿನ ಬೋರ್ಡನ್ನೂ ಹಾಕಿಸಿದ್ದರು. ಎರಡನ್ನೂ ನೋಡಿದವರೇ ನನ್ನನ್ನು ಕರೆದರು.

"ಏ ಕಸ್ತೂರಿ! ಹಳೇದು ಆರು, ಒಂಬತ್ತು, ಒಂಬತ್ತು, ಒಂಬತ್ತು ಅಂತೈತಿ. ನಿಂದು ಏಳು ಅಂತೈತಿ. ಮೊದಲನೇ ಅಂಕೀನೇ ಬ್ಯಾರೆ ಐತಲ್ಲವಾ!"

"ಏಳು ಅಂದ್ರ ಆಚೆ ಯಂತ್ರ ಆ ಉದ್ದಂದನ್ನೇ ತಗೋತೈತ್ರಿ. ಏಳರ ಹತ್ತಿರ ಅದರ ಹೊಟ್ಟ್ಯಾಗ ಇರೋದು ಅದೊಂದಽ."

"ಬೀಳಲಿಲ್ಲಂದ್ರ?"

ಚಿಗವ್ವ ಆಗಲೇ ಕೂಗುಗಲ್ಲು ಹತ್ತಿದ್ದಳು. ಡಾಕ್ಟರ ಮಾತು, ನನ್ನ ಮಾತು ಯಾವುದನ್ನೂ ಕೇಳಿರಲಿಲ್ಲ. ಕಿವಿಗೆ ಕೈ ಇಟ್ಟು ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ಇನ್ನೊಮ್ಮೆ. ಅವಳ ಕತ್ತಿನ ನರಗಳು ಉಬ್ಬಿದ್ದನ್ನು ನೋಡಲಾರದೆ ಮೆಟ್ಟಿಲ ಮೇಲಿದ್ದ ಶಾಲೆಯ ಹುಡುಗಿಯೊಬ್ಬಳು ಎದ್ದು ನಿಂತು, "ಸೊನ್ನೀ…" ಎಂದಳು. ಎಳೆಯ ದನಿ ಅರ್ಧ ನದಿಗೇ ಬಿದ್ದುಹೋಯಿತು. ಪಕ್ಕದವಳು ಸೇರಿದಳು. ಅವಳ ಅವ್ವ ಸೇರಿದಳು. ಚಹಾದವನು ಕೆಟಲಿ ಇಟ್ಟು ಸೇರಿದ. ಇಡೀ ಮೆಟ್ಟಿಲ ಸಾಲು ಎದ್ದು ನಿಂತು "ಚುಕ್ಕೀ…" ಎಂದಿತು. ಮುಂದಿದ್ದದ್ದು ಒಂದೇ ಅಂಕಿ. ಹಿಂದೆ ಮುಂದೆ ಆಗುವ ಮಾತೇ ಇರಲಿಲ್ಲ. ಚಿಗವ್ವ ಎರಡೂ ಕೈ ಎತ್ತಿ ಇಳಿಸಿದಳು, ಊರು ಒಂದೇ ಬಾಯಾಗಿ ಕೂಗಿತು:

"ಏಳೂ…!"

ಆಚೆಯಿಂದ, ಅನುಮಾನಿಸುತ್ತಾ, "ಸೊನ್ನಿ, ಚುಕ್ಕಿ, ಏಳು." ಹಲಗೆಗಳು ಚಾಚಿದವು. ಕೊಂಡಿ ಒಮ್ಮೆಯೂ ತಲೆ ಆಡಿಸದೆ ಖಟ್ಟನೆ ಬಿತ್ತು.

ಎದ್ದ ಕೇಕೆಗೆ ಕೊಕ್ಕರೆಗಳೆಲ್ಲ ಹಾರಿಹೋದವು. ನಿಂಗನಗೌಡರು ನನ್ನ ತಲೆಯ ಮೇಲೆ ಕೈ ಇಟ್ಟರು, ಮರುಗಳಿಗೆಯಲ್ಲೇ ಚಹಾದವನನ್ನು ಅಪ್ಪಿಕೊಂಡರು. ಚಿಗವ್ವ ಮಾತ್ರ ಕಲ್ಲಿನಿಂದ ಇಳಿದು ಅದರ ಮಗ್ಗುಲಲ್ಲಿ ನಿಂತಿದ್ದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ ಹೊದ್ದುಕೊಂಡಳು. ನನ್ನ ಕಿವಿಯ ಹತ್ತಿರ ಬಂದು ಉಸಿರಿನಲ್ಲೇ, "ಚೊಲೋ ಆತು. ಇನ್ನ ಯಾರು ಬೇಕಾದ್ರೂ ಕೂಗಬಹುದು. ನಾ ಯಾಕ ಬೇಕು," ಎಂದಳು. ನಗುತ್ತಲೇ ಹೇಳಿದಳು. ಆ ನಗು ನೋಡಿ ಹೇಳಬಾರದೆಂದು ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ಮುಳ್ಳು, ಅದು ನಿಲ್ಲುವುದು, ಉಳಿದ ಅಂಕಿಗಳು, ಎಲ್ಲ.

ಚಿಗವ್ವನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಅಡಿವೆಪ್ಪನವರು ಕೊಟ್ಟಿದ್ದ ಜೇಷ್ಠಮಧುವಿನ ಪೊಟ್ಟಣವನ್ನು ಆಗ ಹೊರತೆಗೆದೆ. ಅದನ್ನು ನನ್ನ ಕೈಯಿಂದ ಕಿತ್ತುಕೊಂಡವಳೇ ಸೇತುವೆಯ ಕಡೆ ನಡೆದಳು. ಕೂಗುಗಲ್ಲು ಬಿಟ್ಟು ಅವಳು ಸೇತುವೆಯ ಮೇಲೆ ಕಾಲಿಟ್ಟಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಜನ ದಾರಿ ಬಿಟ್ಟರು. ಆಚೆಯಿಂದ ಕೆಂಪು ರುಮಾಲೂ ಹೊರಟಿತು. ನಡುವೆ, ಕೊಂಡಿಯ ಹತ್ತಿರ, ಇಬ್ಬರೂ ಎದುರಾದರು.

ಅವಳು ಬೈಯಲು ಬಾಯಿ ತೆರೆದಳು. ಇಷ್ಟು ವರ್ಷ ನನ್ನ ಗಂಟಲು ಹರಿಸಿದಿರಿ, ಅಂಕಿ ಸಾಕಂತ ಒಂದು ಮಾತು ಹೇಳಬಾರದಿತ್ತೇನು ಎಂದು ಬೈಯಬೇಕೆಂದುಕೊಂಡು ಹೋಗಿದ್ದಳಂತೆ. ಆಮೇಲೆ ನನಗೆ ಹೇಳಿದಳು. ದನಿ ಇರಲಿಲ್ಲ. ಅಡಿವೆಪ್ಪನವರು ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದರು. ಕೇಳಿಸದೆ ಒಂದು ಹೆಜ್ಜೆ ಹತ್ತಿರ ಬಂದರು. ಇನ್ನೊಂದು ಹೆಜ್ಜೆ. ಕೊನೆಗೆ ಬಗ್ಗಿ ಕಿವಿಯನ್ನೇ ಅವಳ ಬಾಯಿಯ ಹತ್ತಿರ ತಂದರು. ಅವಳು ಒಂದು ಗಳಿಗೆ ಆ ನರೆತ ಕಿವಿಗೂದಲನ್ನು ನೋಡಿದಳು. ಸಿಟ್ಟು ಎಲ್ಲಿ ಹೋಯಿತೋ. ಏನೋ ಪಿಸುಗುಟ್ಟಿದಳು.

ಅವರಿಗೆ ಕೇಳಿದ್ದನ್ನು ತಿರುಗಿ ಕೂಗಿ ಅಭ್ಯಾಸ. ತಡೆಯುವ ಮೊದಲೇ ಬಾಯಿಂದ ಹೊರಬಿತ್ತು, ಎರಡೂ ದಡಗಳಿಗೆ ಕೇಳುವಂತೆ:

"'ನಿಮ್ಮ ಮನಿಗೇ ಬಂದು ಇರಲೇನು!'"

ಚಿಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಡಿವೆಪ್ಪನವರಿಗೆ ತಾವೇನು ಕೂಗಿದೆವೆಂದು ಆಗ ತಿಳಿದು ಕಿವಿಯವರೆಗೆ ಕೆಂಪಾದರು. ಮೊದಲು ನಕ್ಕವರು ಆಚೆದಡದ ಮುದುಕಿಯರು. ಆಮೇಲೆ ಆ ನಗು ನೀರಿನ ಮೇಲೆ ಈಚೆಗೆ ಬಂತು, ಆಚೆಗೆ ಹೋಯಿತು. "ಉತ್ರಾ ಹೇಳೋ ಅಡಿವೆಪ್ಪಾ!" ಎಂದು ಯಾರೋ ಕೂಗಿದರು. ಅವರು ಹೌದೆಂದು ತಲೆ ಬಾಗಿಸಿದರು. ಅದನ್ನು ಎರಡೂ ಕಡೆಯವರು ಕಂಡರು.

ಮದುವೆ ಯಾವ ದಡದಲ್ಲಿ ಎಂದು ಹದಿನೈದು ದಿನ ಜಗಳವಾಯಿತು. ನಮ್ಮ ಹೆಣ್ಣು, ನಮ್ಮಲ್ಲಿ ಎಂದೆವು. ಗಂಡಿನ ಮನೆ ನಮ್ಮದು, ನಮ್ಮಲ್ಲಿ ಎಂದರು. ಕೊನೆಗೆ ಗೌಡರು ಸೇತುವೆಯ ಮೇಲೇ ಆಗಲಿ ಎಂದರು. ಊಟದ ಎಲೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಪಂಕ್ತಿಯಲ್ಲಿ ಹಾಕಿದರು. ಈಚೆಯವರು ಈ ಅರ್ಧಕ್ಕೆ, ಆಚೆಯವರು ಆ ಅರ್ಧಕ್ಕೆ, ನಡುವೆ ಮದುಮಕ್ಕಳು. ಹೋಳಿಗೆ ಬಡಿಸಲು ಶುರುವಾದಾಗ ನದಿ ಮಿಸುಕಿತು. ದಡಗಳು, ಎಂದೂ ಇಲ್ಲದಂತೆ, ನಿಲ್ಲದೆ ಒಂದರ ಕಡೆಗೊಂದು ಬರತೊಡಗಿದವು. ಕೂಗುಗಲ್ಲಿನ ಮೇಲಿದ್ದ ಶಾಲೆಯ ಹುಡುಗಿಯರು ಬೋರ್ಡಿನಲ್ಲಿ ಬದಲಾದ ಅಂಕಿಯನ್ನು ಒಟ್ಟಿಗೆ ಕೂಗಿದರು, ಮತ್ತೆ ಬದಲಾದದ್ದನ್ನು ಮತ್ತೆ ಕೂಗಿದರು, ಆಚೆಯ ಗೂಡಿನಲ್ಲಿ ಕೂತ ಹುಡುಗರು ಒತ್ತಿದರು. ನಮ್ಮ ಕೆಳಗಿನ ಹಲಗೆಗಳು ಒಂದರಡಿಗೊಂದು ಮೆಲ್ಲಗೆ ಸರಿಯುತ್ತಿದ್ದವು. ಮೊಣಕಾಲಿಗೆ ಮೊಣಕಾಲು ತಾಗಿತು, ಭುಜಕ್ಕೆ ಭುಜ ಒತ್ತಿತು, ಎಲೆಯ ಮೇಲೆ ಎಲೆ ಏರಿತು. ಪಂಕ್ತಿಯಿಂದ ಯಾರೂ ಏಳಲಿಲ್ಲ. ನನ್ನ ತೊಡೆಯ ಮೇಲೆ ಆಚೆದಡದ ಯಾರದೋ ಮಗು ಕೂತು, ನನ್ನ ಎಲೆಯ ಹೋಳಿಗೆಯನ್ನು ತನ್ನದೆಂದೇ ತಿಳಿದು ತಿನ್ನುತ್ತಿತ್ತು. ಆಚೆಯ ಅಂಗಡಿಯ ಪತ್ತಾರರು ತಮ್ಮ ಎಲೆಯೆಂದು ನಮ್ಮ ಚಹಾದವನ ಅನ್ನಕ್ಕೆ ತುಪ್ಪ ಸುರಿಸಿಕೊಂಡರು. ಚಿಗವ್ವ ನಡುವೆ ಇಕ್ಕಟ್ಟಾಗಿ ಕೂತು, ಅಡಿವೆಪ್ಪನವರ ಭುಜದ ಮೇಲಿಂದ ಕೈ ಚಾಚಿ, ಆಗತಾನೆ ಮರಳುತ್ತಿದ್ದ ಒಡಕು ದನಿಯಲ್ಲಿ, "ಈ ಕಡೆ ಬಡಸ್ರೀ, ಇವರ ಎಲ್ಯಾಗ ಏನೂ ಇಲ್ಲ," ಎಂದು ಎಲ್ಲರನ್ನೂ ಕರೆಯುತ್ತಿದ್ದಳು.